ಪಟ್ಟಿಯಲ್ಲಿಲ್ಲದ ಸಾಮಾನು

ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗಲು ಹೆಸರು ಕೊಟ್ಟವರ ಮೊಬೈಲಿಗೆ ಹಿಂದಿನ ದಿನ ಸಂಜೆ ಒಂದು ಸಂದೇಶ ಬರುತ್ತದೆ. ಬೆಳಗ್ಗೆ ಏಳಕ್ಕೆಲ್ಲ ಮುರುಡೇಶ್ವರದಲ್ಲಿರಿ, ರಾತ್ರಿ ಕುಡಿಯಬೇಡಿ, ಬೆಳಗ್ಗೆ ಹೊಟ್ಟೆ ಬಿರಿಯ ತಿನ್ನಬೇಡಿ, ಒಂದು ಟವೆಲ್ಲು, ಒಂದು ಜೊತೆ ಬಟ್ಟೆ ತನ್ನಿ, ಉಳಿದದ್ದೆಲ್ಲ ನಮ್ಮದು. ಕೊನೆಯ ಮಾತು ಸುಳ್ಳೇನಲ್ಲ. ಗಾಳಿ ತುಂಬಿದ ಸಿಲಿಂಡರು, ಆ ಗಾಳಿಯನ್ನು ಹದ ಮಾಡಿ ಬಾಯಿಗೆ ಕೊಡುವ ರೆಗ್ಯುಲೇಟರು, ಗಾಳಿ ತುಂಬಿದರೆ ತೇಲಿಸುವ, ಬಿಟ್ಟರೆ ಮುಳುಗಿಸುವ ಜಾಕೆಟ್ಟು, ಸೊಂಟಕ್ಕೆ ಸೀಸದ ತೂಕ, ಕಾಲಿಗೆ ಫಿನ್, ಮೈಗೆ ವೆಟ್‌ಸೂಟು, ಮುಖಕ್ಕೆ ಮಾಸ್ಕು. ನೀರಿನಡಿ ಮನುಷ್ಯ ಬದುಕಿರಲು ಏನೇನು ಬೇಕೋ ಅದಿಷ್ಟೂ ಅವರೇ ಕೊಡುತ್ತಾರೆ. ಆದರೆ ನೀರಿನಡಿ ಇರುವುದಾದರೂ ಎಷ್ಟು ಹೊತ್ತು? ಮೊದಲ ಸಲ ಬಂದವರು ಅರ್ಧ ಗಂಟೆ. ಕೋರ್ಸು ಮುಗಿಸಿ ಕಾರ್ಡು ಪಡೆದವರು ಎರಡು ಸಲ ಇಳಿದರೂ ಒಂದೂವರೆ ಗಂಟೆಯ ಆಸುಪಾಸು. ಬೋಟಿನ ಮೇಲೆ ಕಳೆಯುವುದು ಐದಾರು ಗಂಟೆ. ಆ ಐದಾರು ಗಂಟೆಯ ಹೊಣೆ ಸಂದೇಶ ಕಳಿಸಿದವರದ್ದೂ ಅಲ್ಲ, ಸಮುದ್ರದ್ದಂತೂ ಅಲ್ಲವೇ ಅಲ್ಲ.

ನನ್ನ ಬ್ಯಾಗು ಹಾಗಾಗಿಯೇ ದಪ್ಪ. ಮಕ್ಕಳು ಕಾಲೇಜು ಸೇರಿ ಮನೆ ಖಾಲಿಯಾದ ಮೇಲೆ ಈ ಹುಚ್ಚು ಹಿಡಿಸಿಕೊಂಡವಳು ನಾನು. ಚಳಿಗಾಲದಲ್ಲಿ ರಜೆ ಸಿಕ್ಕಾಗಲೆಲ್ಲ ಬೆಂಗಳೂರಿನಿಂದ ಕರಾವಳಿಗೆ ಇಳಿಯುತ್ತೇನೆ. ನಮ್ಮ ಯಜಮಾನರಿಗೆ ಈಜು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ನಾನು ಸಾಮಾನು ತುಂಬುವಾಗ ಬಾಗಿಲಿಗೆ ಒರಗಿ ನಿಂತು, "ಬೋಟಿಗೆ ಹೊರಟಿದ್ದೀಯೋ, ಮಗಳ ಬಾಣಂತನಕ್ಕೆ ಹೊರಟಿದ್ದೀಯೋ?" ಎಂದು ಕೇಳುವುದು ಅವರ ವಾಡಿಕೆ. ಬೋಟಿನಲ್ಲೂ ಮೊದಮೊದಲು ನಗುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಒಬ್ಬೊಬ್ಬರೇ ಹತ್ತಿರ ಬಂದು, "ಆಂಟೀ, ನಿಮ್ಮ ಹತ್ತಿರ ಅದೇನಾದ್ರೂ..." ಎಂದು ರಾಗ ಎಳೆಯುತ್ತಾರೆ.

ಮುರುಡೇಶ್ವರದ ಕಡಲತೀರದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರು. ಬೋಟು ಮತ್ತು ಗಾಳಿ ಇಬ್ಬರೂ ಮನಸ್ಸು ಮಾಡಿದರೆ ಒಂದು ಗಂಟೆ, ಇಲ್ಲದಿದ್ದರೆ ಒಂದೂವರೆ. ಮಳೆಗಾಲದ ತಿಂಗಳುಗಳಲ್ಲಿ ಅತ್ತ ಯಾರೂ ಹೋಗುವುದಿಲ್ಲ. ಕಡಲು ಶಾಂತವಾಗಿ ಅಕ್ಟೋಬರಿನ ಹೊತ್ತಿಗೆ ಡೈವಿಂಗ್ ಶುರುವಾದರೆ ಮೇ ತನಕ ನಡೆಯುತ್ತದೆ. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿ. ಕೆಲವೊಮ್ಮೆ ಮೊಣಕಾಲುದ್ದದ ನೀರಿಗೆ ಇಳಿದು ಸಣ್ಣ ದೋಣಿ ಹತ್ತಿ, ಅಲ್ಲಿಂದ ದೊಡ್ಡ ಬೋಟಿಗೆ ದಾಟಬೇಕು. ಶೂ ಹಾಕಿಕೊಂಡು ಬಂದವರ ಮುಖ ಅಲ್ಲೇ ಸಪ್ಪಗಾಗುತ್ತದೆ. ಹವಾಯಿ ಚಪ್ಪಲಿ ಸಾಕು. ಚಕ್ರದ ಸೂಟ್‌ಕೇಸು ತಂದವರನ್ನೂ ನೋಡಿದ್ದೇನೆ. ಆ ಚಕ್ರಗಳು ಮರಳಿನಲ್ಲಿ ಅನುಭವಿಸಿದ ಕಷ್ಟವನ್ನು ಬಣ್ಣಿಸುವುದು ಬೇಡ.

ಬೋಟಿಗೆ ನಾನು ಒಯ್ಯುವುದು ತರಕಾರಿ ತರುವ ನೈಲಾನ್ ಬಲೆಚೀಲ. ಡೈವಿಂಗ್ ಅಂಗಡಿಗಳಲ್ಲಿ ಇದೇ ಮಾದರಿಯದಕ್ಕೆ ಸಾವಿರಗಟ್ಟಲೆ ಬೆಲೆ. ಮಾಸ್ಕು, ಫಿನ್ನು, ಒದ್ದೆ ಬಟ್ಟೆ ಎಲ್ಲ ಅದರೊಳಗೆ ಹೋಗುತ್ತವೆ, ನೀರು ತಾನಾಗಿ ಸೋರಿ ಹೋಗುತ್ತದೆ. ಒದ್ದೆಯಾಗಬಾರದ್ದು ಬಾಯಿ ಸುತ್ತಿ ಮುಚ್ಚುವ ರಬ್ಬರಿನಂಥ ಡ್ರೈ ಬ್ಯಾಗಿನಲ್ಲಿರುತ್ತದೆ. ಬೋಟಿನ ಮೇಲೆ ಒಣ ಜಾಗ ಎನ್ನುವುದೇ ಇರುವುದಿಲ್ಲ. ಬೆಳಗ್ಗೆ ಒಣಗಿದ್ದ ಮೂಲೆಯಲ್ಲಿ ಒಂಬತ್ತಕ್ಕೆ ಯಾರೋ ವೆಟ್‌ಸೂಟು ಹಿಂಡಿರುತ್ತಾರೆ.

ಹೊರಟ ಇಪ್ಪತ್ತು ನಿಮಿಷಕ್ಕೆ ಮಾತು ಕಡಿಮೆಯಾಗುತ್ತದೆ. ಅದು ಮೊದಲ ಲಕ್ಷಣ. ಆಮೇಲೆ ಆಕಳಿಕೆ, ಬಾಯಲ್ಲಿ ನೀರೂರುವುದು, ತಣ್ಣನೆಯ ಬೆವರು. ಒಳಕಿವಿ ಮೈ ತೂಗುತ್ತಿದೆ ಎನ್ನುತ್ತದೆ. ಕೈಯಲ್ಲಿರುವ ಮೊಬೈಲು ನೋಡುತ್ತಿರುವ ಕಣ್ಣು ಎಲ್ಲ ನಿಂತಲ್ಲೇ ನಿಂತಿದೆ ಎಂದು ವಾದಿಸುತ್ತದೆ. ಇಬ್ಬರ ಜಗಳದಲ್ಲಿ ಏಟು ತಿನ್ನುವುದು ಹೊಟ್ಟೆ. ಇದಕ್ಕೆ ಗುಳಿಗೆ ಇದೆ. ನಮ್ಮ ಘಟ್ಟದ ಬಸ್ಸು ಹತ್ತುವವರಿಗೆಲ್ಲ ಅವೋಮಿನ್ ಪರಿಚಿತ. ಆದರೆ ಅದನ್ನು ಬೋಟು ಹತ್ತುವ ಒಂದೆರಡು ಗಂಟೆ ಮೊದಲೇ ನುಂಗಿರಬೇಕು; ವಾಂತಿ ಶುರುವಾದ ಮೇಲೆ ನುಂಗಿದ ಗುಳಿಗೆ ಸಮುದ್ರದ ಪಾಲು. ಇನ್ನೊಂದು ತೊಡಕೆಂದರೆ ಅದು ನಿದ್ದೆ ತರಿಸುತ್ತದೆ, ನೀರಿನಡಿಯಲ್ಲಿ ತೂಕಡಿಕೆ ಒಳ್ಳೆಯದಲ್ಲ. ಹಾಗಾಗಿ ವೈದ್ಯರನ್ನು ಕೇಳಿ, ಮೊದಲೊಮ್ಮೆ ಊರಿನಲ್ಲೇ ನುಂಗಿ ನೋಡಿ, ತನಗೆ ಎಷ್ಟು ಮಂಪರು ಬರುತ್ತದೆಂದು ತಿಳಿದುಕೊಂಡೇ ಬರಬೇಕು. ನನ್ನ ಬ್ಯಾಗಿನಲ್ಲಿ ಗುಳಿಗೆಯ ಪಕ್ಕದಲ್ಲೇ ಸಕ್ಕರೆ ಪಾಕದ ಶುಂಠಿ ಇರುತ್ತದೆ. ಗುಳಿಗೆಯಷ್ಟು ಗಟ್ಟಿ ಮದ್ದಲ್ಲ, ಆದರೆ ಬಾಯಿಯ ಕೆಟ್ಟ ರುಚಿ ಹೋಗಲಾಡಿಸಲು ಅದಕ್ಕೆ ಸಮ ಇಲ್ಲ.

ಬೋಟು ನಡೆಸುವ ತಾಂಡೇಲರ ಮದ್ದು ಬೇರೆ. ತಲೆ ತುಂಬ ಬಿಳಿ ಕೂದಲಿನ ಹಿರಿಯರು. ಮುಂಭಾಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಹುಡುಗಿಯೊಬ್ಬಳ ಮುಖ ಬಿಳಿಚುತ್ತಿರುವುದನ್ನು ಚುಕ್ಕಾಣಿಯಿಂದಲೇ ನೋಡಿದರು. "ತಂಗೀ, ಮುಂದೆ ಕೂತ್ರೆ ಕರುಳು ಬಾಯಿಗೆ ಬರ್ತದೆ. ನಡೂ ಬಂದು ಕೂತ್ಕೊ. ಮೊಬೈಲ್ ಒಳಗಿಡು. ಆ ಈಶ್ವರನ್ನೇ ನೋಡ್ತಾ ಇರು" ಎಂದರು. ಭಕ್ತಿಗೆ ಹೇಳಿದ ಮಾತಲ್ಲ ಅದು. ದಡದಲ್ಲಿ 123 ಅಡಿಯ ಶಿವ, ಪಕ್ಕದಲ್ಲಿ 237 ಅಡಿಯ ರಾಜಗೋಪುರ. ಬೋಟು ಎಷ್ಟು ಹೊಯ್ದಾಡಿದರೂ ಅಲ್ಲಾಡದೆ ನಿಂತ ಆ ಎರಡರ ಮೇಲೆ ಕಣ್ಣು ನೆಟ್ಟರೆ ಕಿವಿಗೂ ಕಣ್ಣಿಗೂ ರಾಜಿಯಾಗುತ್ತದೆ. ಬೇರೆಲ್ಲ ಕಡಲುಗಳಲ್ಲಿ ದಿಗಂತ ನೋಡಿ ಎನ್ನುತ್ತಾರೆ; ಇಲ್ಲಿ ದಿಗಂತಕ್ಕೊಂದು ಗುರುತಿದೆ. ಹುಡುಗಿ ನಡುವಿಗೆ ಬಂದು ಕೂತಳು. ಅಷ್ಟಾದರೂ ತಡೆಯಲಿಲ್ಲ. ನಾನು ಎರಡು ಪ್ಲಾಸ್ಟಿಕ್ ಕವರು ಕೊಟ್ಟೆ. ಬ್ಯಾಗಿನ ಜಿಪ್ಪಿನೊಳಗೆ ಮಡಿಸಿಟ್ಟ ನಾಲ್ಕು ಕವರು, ಒಂದಿಷ್ಟು ಟಿಶ್ಯೂ, ಬಾಯಿ ಮುಕ್ಕಳಿಸಲು ಬೇರೆಯದೇ ಒಂದು ಬಾಟಲಿ ನೀರು: ಇವಕ್ಕೆ ತೂಕವೇ ಇಲ್ಲ, ಬೆಲೆಯೂ ಇಲ್ಲ, ಆದರೆ ಬೋಟಿನಲ್ಲಿ ಇವನ್ನು ಯಾರೂ ಇಟ್ಟುಕೊಂಡಿರುವುದಿಲ್ಲ. ಅಂದಹಾಗೆ, ನೀರಿನಡಿಯಲ್ಲಿ ವಾಂತಿ ಬಂದರೂ ಗಾಬರಿ ಬೇಡ. ರೆಗ್ಯುಲೇಟರನ್ನು ಬಾಯಲ್ಲೇ ಕಚ್ಚಿ ಹಿಡಿದು ಅದರ ಮೂಲಕವೇ ಮಾಡಬಹುದು, ಮೀನುಗಳು ಸಂಭ್ರಮದಿಂದ ಬರುತ್ತವೆ. ಸಹ್ಯವಾದ ವಿಷಯವಲ್ಲ, ಆದರೆ ಗೊತ್ತಿರಬೇಕಾದ್ದು.

ತಿಂಡಿಗೆ ಎರಡು ಇಡ್ಲಿ, ಬಾಳೆಹಣ್ಣು. ಪಾಶ್ಚಾತ್ಯ ದೇಶಗಳ ಮೀನುಗಾರರಿಗೆ ಬೋಟಿನಲ್ಲಿ ಬಾಳೆಹಣ್ಣು ಅಪಶಕುನವಂತೆ. ನಮ್ಮ ತಾಂಡೇಲರು ತೆಂಗಿನಕಾಯಿ, ಬಾಳೆಹಣ್ಣು ಇಲ್ಲದೆ ಹೊಸ ಬೋಟನ್ನು ನೀರಿಗೇ ಇಳಿಸುವುದಿಲ್ಲ. ನಾನು ನಮ್ಮವರ ಕಡೆ.

ಇನ್ನು ಹೆಂಗಸರ ವಿಷಯ. ಇದನ್ನು ಯಾವ ಪಟ್ಟಿಯೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕು. ಇಂಥ ಬಹುಪಾಲು ಬೋಟುಗಳಲ್ಲಿ ಶೌಚಾಲಯ ಇರುವುದಿಲ್ಲ. ಅದು ತಿಳಿದ ಹೆಂಗಸರು ಬೆಳಗ್ಗೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೈಯಲ್ಲಿ ನೀರು ಕಮ್ಮಿಯಾದರೆ ತಲೆನೋವು, ವಾಕರಿಕೆ ಹೆಚ್ಚುತ್ತವೆ. ಆಳದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಸರಿಯಾಗಿ ಹೊರಹೋಗದೆ ಗುಳ್ಳೆ ಕಟ್ಟುವ ಕಾಯಿಲೆಗೂ ನಿರ್ಜಲತೆ ಒತ್ತಾಸೆ ಎಂದು ತರಬೇತಿಯಲ್ಲೇ ಹೇಳಿಕೊಡುತ್ತಾರೆ. ನೀರು ಕುಡಿಯಿರಿ. ಬೋಟು ನಿಂತಾಗ ಏಣಿ ಹಿಡಿದು ಒಂದು ಸಲ ಸಮುದ್ರಕ್ಕಿಳಿದು ಬಂದರಾಯಿತು. ಸಮುದ್ರ ಬಹಳ ದೊಡ್ಡದು. ಮುಟ್ಟಿನ ದಿನಗಳಾದರೂ ಡೈವ್ ಮಾಡಲು ಅಡ್ಡಿಯಿಲ್ಲ, ಶಾರ್ಕ್ ಬರುತ್ತದೆಂಬುದು ಬರೀ ಹೆದರಿಕೆಯ ಕತೆ. ನನಗೀಗ ಬೇಕಿಲ್ಲವಾದರೂ ಜಿಪ್‌ಲಾಕ್ ಕವರಿನಲ್ಲಿ ಎರಡು ಪ್ಯಾಡು ಯಾವಾಗಲೂ ಇರುತ್ತವೆ. ಕಡಲಲ್ಲಿ ಕೇಳಲು ಅಂಗಡಿ ಇಲ್ಲ, ಕೇಳುವ ಹುಡುಗಿಗೆ ಬಾಯಿಯೂ ಬರುವುದಿಲ್ಲ. ಸುಮ್ಮನೆ ಅವಳ ಕೈಗೆ ದಾಟಿಸಿದರೆ ಮುಗಿಯಿತು.

ಬಟ್ಟೆ ಬದಲಿಸುವುದು ಇನ್ನೊಂದು ಪಾಡು. ಒದ್ದೆ ವೆಟ್‌ಸೂಟು ಚರ್ಮಕ್ಕೆ ಅಂಟಿಕೊಂಡಿರುತ್ತದೆ, ಕೋಣೆ ಇಲ್ಲ, ಸುತ್ತ ಇಪ್ಪತ್ತು ಜನ. ಇದಕ್ಕೆಂದೇ ಟೋಪಿ ಇರುವ ಟವೆಲಿನ ನಿಲುವಂಗಿ ಮಾರುತ್ತಾರೆ. ಬೆಲೆ ಕೇಳಿ ನಾನು ಮನೆಗೆ ಬಂದು ಬೀರುವಿನ ತಳದಿಂದ ಹಳೆಯ ಕಾಟನ್ ನೈಟಿ ತೆಗೆದೆ. ತಲೆಯ ಮೇಲಿಂದ ಹಾಕಿಕೊಂಡು, ತೋಳು ಒಳಗೆಳೆದುಕೊಂಡರೆ ಅದೇ ಕೋಣೆ. ಒಳಗೆ ನಿಂತು ಇಡೀ ಸಂಸಾರ ಬದಲಿಸಿಕೊಳ್ಳಬಹುದು. ಗಂಡಸರಿಗೆ ಲುಂಗಿ. ಯಜಮಾನರ ಸವೆದ ಲುಂಗಿಯೊಂದು ನನ್ನ ಬ್ಯಾಗಿನ ಖಾಯಂ ಸದಸ್ಯ. ಸುತ್ತಿಕೊಳ್ಳಲು, ಮೈ ಒರೆಸಲು, ಬಿಸಿಲಿಗೆ ಮರೆ ಕಟ್ಟಲು, ಒದ್ದೆ ಹಲಗೆಯ ಮೇಲೆ ಹಾಸಲು, ತಣ್ಣಗಾದವರಿಗೆ ಹೊದೆಸಲು ಅದೇ ಒಂದು. ಹಿಂಡಿ ಗಾಳಿಗೆ ಹಿಡಿದರೆ ಹದಿನೈದು ನಿಮಿಷದಲ್ಲಿ ಒಣಗುತ್ತದೆ. ದಪ್ಪ ಟವೆಲು ಸಂಜೆ ತನಕ ಒದ್ದೆ, ಮಾರನೆಯ ದಿನ ನಾತ.

ತಣ್ಣಗಾಗುವುದು ಎಂದೆನಲ್ಲ, ನೇತ್ರಾಣಿಯಲ್ಲಿ ಎಂಥ ಚಳಿ ಎಂದು ನಗಬಹುದು. ನೀರು ಬೆಚ್ಚಗೇ ಇರುತ್ತದೆ. ಆದರೆ ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಹೀರುತ್ತದೆ. ಮೇಲೆ ಬಂದು ಒದ್ದೆ ಮೈಯಲ್ಲಿ ಗಾಳಿಗೆ ಕೂತಾಗ ಹಲ್ಲು ಕಟಕಟ ಎನ್ನುತ್ತದೆ. ಆಗ ಹೊರಬರುವುದು ನನ್ನ ಫ್ಲಾಸ್ಕು. ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಕುಟ್ಟಿದ ಪುಡಿಗೆ ಬೆಲ್ಲ ಹಾಕಿ ಕುದಿಸಿದ ಕಷಾಯ. ಎರಡನೇ ಫ್ಲಾಸ್ಕಿನಲ್ಲಿ ಬರೀ ಬಿಸಿನೀರು. ಅದು ಕುಡಿಯಲಿಕ್ಕಲ್ಲ. ಬಂಡೆ ಸಂದಿಗಳಲ್ಲಿ ಲಯನ್‌ಫಿಶ್ ಇರುತ್ತದೆ, ಗರಿಗರಿಯಾಗಿ ಕುಣಿಯುತ್ತ ನಿಂತಿರುವಂತೆ ಕಾಣುವ ಅದರ ಮುಳ್ಳುಗಳಲ್ಲಿ ವಿಷವಿದೆ. ಆ ವಿಷ ಶಾಖಕ್ಕೆ ಸೋಲುತ್ತದೆ. ಚುಚ್ಚಿದ ಜಾಗವನ್ನು ತಡೆಯುವಷ್ಟು ಬಿಸಿಯ, ಎಂದರೆ 45 ಡಿಗ್ರಿ ದಾಟದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡುವುದು ಪ್ರಥಮ ಚಿಕಿತ್ಸೆ. ಬಿಸಿ ಎಷ್ಟೆಂದು ನೋಡಬೇಕಾದ್ದು ಚುಚ್ಚಿಸಿಕೊಳ್ಳದ ಕೈಯಿಂದ. ನೋವಿನಲ್ಲಿರುವ ಕೈಗೆ ಬಿಸಿ ಗೊತ್ತಾಗದೆ ಬೊಬ್ಬೆ ಏಳುತ್ತದೆ. ಈವರೆಗೆ ಆ ಫ್ಲಾಸ್ಕಿನ ನೀರು ಕಷಾಯ ಮುಗಿದ ಮೇಲೆ ಕಾಫಿಪುಡಿ ಕದಡಲಿಕ್ಕೇ ಹೋಗಿದೆ. ಹಾಗೇ ಹೋಗಲಿ.

ನೇತ್ರಾಣಿ ಹತ್ತಿರವಾದಂತೆ ಬೋಟಿನ ಜನಕ್ಕೆ ಮತ್ತೆ ಜೀವ ಬರುತ್ತದೆ. ಕಡಿದಾದ ಬಂಡೆ, ಮೇಲೆ ದಟ್ಟ ಹಸಿರು. ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಹೃದಯದ ಆಕಾರ; ಬೋಟಿನಿಂದ ನೋಡಿದರೆ ಬರೀ ಗೋಡೆ. ಪಾರಿವಾಳಗಳಿಂದ ಬಂದ ಇಂಗ್ಲಿಷ್ ಹೆಸರೂ ಇದಕ್ಕಿದೆ. ಬಿಳಿಹೊಟ್ಟೆಯ ಕಡಲ ಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ. ಮೇಲೆ ಜಟಕೇಶ್ವರನ ಗುಡಿ ಇದೆ, ಸುತ್ತಲ ಊರುಗಳ ಮೀನುಗಾರರು ಹರಕೆ ಹೊತ್ತು ಬರುತ್ತಾರೆ. ನೌಕಾಪಡೆ ಬಹುಕಾಲ ಇದೇ ದ್ವೀಪವನ್ನು ಗುರಿಯಭ್ಯಾಸಕ್ಕೆ ಬಳಸಿತ್ತು. ದೇವರು, ಹದ್ದು, ತೋಪು ಮೂವರೂ ಒಂದೇ ಬಂಡೆಯನ್ನು ಹಂಚಿಕೊಂಡದ್ದು ನಮ್ಮ ದೇಶದಲ್ಲಿ ಮಾತ್ರ ಆಗುವಂಥದ್ದು. ಡೈವಿಂಗಿಗೆ ಬಂದವರನ್ನು ದ್ವೀಪದ ಮೇಲೆ ಇಳಿಸುವುದಿಲ್ಲ. ಲಂಗರು ಹಾಕಿದ ಬೋಟೇ ನೆಲ.

ಇಲ್ಲೇ ಒಂದು ಬೆಳಗ್ಗೆ ಆದದ್ದು. ಮೊದಲ ಗುಂಪು ತಯಾರಾಗುತ್ತಿತ್ತು. ಒಬ್ಬ ಹುಡುಗ ಸಿಲಿಂಡರಿಗೆ ರೆಗ್ಯುಲೇಟರು ಬಿಗಿದು ವಾಲ್ವ್ ತಿರುಗಿಸಿದ್ದೇ ತಡ, ಠಪ್ ಎಂದು ಸದ್ದಾಗಿ ಸುಯ್ಯೆಂದು ಗಾಳಿ ನುಗ್ಗಿತು. ವಾಲ್ವಿನ ಬಾಯಲ್ಲಿ ಕೂರುವ ಓ-ರಿಂಗು ಹರಿದಿತ್ತು. ಕಿರುಬೆರಳ ತುದಿಯಷ್ಟಿರುವ, ಕೆಲವೇ ರೂಪಾಯಿಯ ಕಪ್ಪು ರಬ್ಬರಿನ ಬಳೆ. ಅದು ಕೈಕೊಟ್ಟರೆ 200 ಬಾರ್ ಒತ್ತಡದ ಗಾಳಿಯನ್ನು ಹಿಡಿದಿಡುವವರು ಯಾರೂ ಇಲ್ಲ. ಬಿಡಿಭಾಗಗಳ ಡಬ್ಬಿ ದಡದಲ್ಲೇ ಉಳಿದಿತ್ತು. ಯಾವ ಅಂಗಡಿ ಎಂಬ ಪ್ರಶ್ನೆ ಬೇಡ. ಆ ಸಿಲಿಂಡರು ಪಾಲಿಗೆ ಬಂದಿದ್ದ ದಾವಣಗೆರೆಯ ಟೀಚರೊಬ್ಬರು ಆಗಲೇ ವೆಟ್‌ಸೂಟು ಹಾಕಿ ಕೂತಿದ್ದರು, ಮುಖದಲ್ಲಿ ನಿರಾಸೆಯ ಜೊತೆಗೆ ಒಂದು ಚೂರು ನೆಮ್ಮದಿಯೂ ಇತ್ತು. ನಾನು ನನ್ನ ಡಬ್ಬಿ ತೆಗೆದೆ. ಮಾತ್ರೆ ತುಂಬಿಡುವ ಹಳೆಯ ಪ್ಲಾಸ್ಟಿಕ್ ಡಬ್ಬಿ ಅದು. ಒಂದು ಮನೆಯಲ್ಲಿ ಓ-ರಿಂಗುಗಳು, ಇನ್ನೊಂದರಲ್ಲಿ ಕೇಬಲ್ ಕಟ್ಟುವ ಪ್ಲಾಸ್ಟಿಕ್ ಟೈ, ಮತ್ತೊಂದರಲ್ಲಿ ಚೂರು ಸಿಲಿಕೋನ್ ಗ್ರೀಸು. ಹುಡುಗ ಜೇಬಿನಿಂದ ಸೇಫ್ಟಿ ಪಿನ್ನು ತೆಗೆದ. "ಪಿನ್ನು ಬೇಡಪ್ಪ, ಗೀರು ಬಿದ್ದರೆ ಹೊಸದೂ ಸೋರುತ್ತೆ" ಎಂದು ತುದಿ ಚೂಪು ಮಾಡಿಟ್ಟ ಹಳೆಯ ಟೂತ್‌ಬ್ರಷ್ಷಿನ ಹಿಡಿ ಕೊಟ್ಟೆ. ಅವನು ಹರಿದ ರಬ್ಬರನ್ನು ಅದರಿಂದ ಮೀಟಿ ತೆಗೆದ. ಹೊಸದನ್ನು ಎರಡು ಬೆರಳಿನ ನಡುವೆ ಹೊರಳಿಸಿ ಬಿರುಕಿಲ್ಲವೆಂದು ನೋಡಿ, ವಾಲ್ವಿನ ತೋಡಿನಲ್ಲಿ ಕೂರಿಸಿ, ಹೆಬ್ಬೆರಳಿನಿಂದ ಸುತ್ತ ಒತ್ತಿದ. ರೆಗ್ಯುಲೇಟರು ಬಿಗಿದು ವಾಲ್ವನ್ನು ನಿಧಾನಕ್ಕೆ ತಿರುಗಿಸಿದ. ಸದ್ದಿಲ್ಲ. ವಾಲ್ವಿನ ಮೇಲೆ ಒಂದು ಬೊಗಸೆ ಸಮುದ್ರದ ನೀರು ಸುರಿದು ಗುಳ್ಳೆ ಏಳದ್ದನ್ನು ಖಾತ್ರಿ ಮಾಡಿಕೊಂಡ. ಟೀಚರ ನೆಮ್ಮದಿ ಅಲ್ಲಿಗೆ ಹೋಯಿತು, ನೀರಿಗಿಳಿಯಲೇಬೇಕಾಯಿತು. ಅರ್ಧ ಗಂಟೆಯ ಮೇಲೆ ಏಣಿ ಹತ್ತಿ ಬಂದವರು ಮಾಸ್ಕು ತೆಗೆದ ಕೂಡಲೇ ಮಾತು ಶುರುಮಾಡಿದರು, ದಡ ಮುಟ್ಟಿದರೂ ನಿಲ್ಲಿಸಲಿಲ್ಲ.

ಕೇಬಲ್ ಟೈ ಏಕೆಂದರೆ, ಬಾಯಲ್ಲಿ ಕಚ್ಚಿ ಹಿಡಿಯುವ ರಬ್ಬರಿನ ಮೌತ್‌ಪೀಸನ್ನು ರೆಗ್ಯುಲೇಟರಿಗೆ ಕಟ್ಟಿರುವುದು ಅದರಲ್ಲೇ. ಮಾಸ್ಕಿನ ಹಿಂಪಟ್ಟಿಯೂ ಒಂದು ಹೆಚ್ಚಿಗೆ ಇರಲಿ, ಅದು ಹರಿಯುವುದು ನೀರಿಗೆ ಹಾರುವ ಕ್ಷಣದಲ್ಲೇ. ಮಾಸ್ಕಿನ ಇನ್ನೊಂದು ಕಾಟ ಗಾಜಿಗೆ ಮಂಜು ಹಿಡಿಯುವುದು. ಹೊಸ ಮಾಸ್ಕಾದರೆ ತಯಾರಿಕೆಯಲ್ಲಿ ಕೂತ ಸಿಲಿಕೋನಿನ ಪೊರೆ ಹೋಗುವ ತನಕ ಒಳಗಾಜನ್ನು ಟೂತ್‌ಪೇಸ್ಟಿನಿಂದ ಉಜ್ಜಬೇಕು. ಆಮೇಲೆ ಪ್ರತಿಸಲ ಇಳಿಯುವ ಮೊದಲು ಉಗುಳು ಸವರಿ ತೊಳೆಯುವುದು ಹಳೆಯ ಕ್ರಮ. ಬಾಡಿಗೆ ಮಾಸ್ಕಿಗೆ ಹಿಂದಿನವರೂ ಹಾಗೇ ಮಾಡಿರುತ್ತಾರೆಂದು ನೆನೆದು ನಾನು ಕಣ್ಣಿನ ಹನಿಮದ್ದಿನ ಖಾಲಿ ಬಾಟಲಿಯಲ್ಲಿ ಮಕ್ಕಳ ಶಾಂಪೂ ತರುತ್ತೇನೆ. ಒಂದು ಹನಿ ಹಾಕಿ, ಬೆರಳಲ್ಲಿ ಹರಡಿ, ಸ್ವಲ್ಪವೇ ನೀರಲ್ಲಿ ತೊಳೆದರೆ ಗಾಜು ತಿಳಿಯಾಗಿರುತ್ತದೆ. ಇಡೀ ಬೋಟು ಆ ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸುತ್ತದೆ, ಅದು ನನ್ನ ಕೈಗೆ ಮರಳಿ ಬರುವಾಗ ಖಾಲಿ.

ಉದ್ದ ಕೂದಲಿನವರು ಬಟ್ಟೆಯ ಅಗಲ ಪಟ್ಟಿಯೊಂದನ್ನು ತರಬೇಕು. ಹಣೆಯ ಮೇಲೆ ಒಂದೆಳೆ ಕೂದಲು ಮಾಸ್ಕಿನಡಿ ಸಿಕ್ಕರೂ ಸಾಕು, ಅದೇ ದಾರಿಯಲ್ಲಿ ನೀರು ಒಳಬರುತ್ತದೆ. ಕನ್ನಡಕದವರಿಗೆ ಪವರ್ ಇರುವ ಗಾಜಿನ ಮಾಸ್ಕು ಸಿಗುತ್ತದೆ. ನನ್ನ ತೊಂದರೆ ಬೇರೆ: ಮೀನು ಚೆನ್ನಾಗಿ ಕಾಣುತ್ತದೆ, ಕೈಯಲ್ಲಿರುವ ಗೇಜಿನ ಅಂಕಿ ಕಾಣುವುದಿಲ್ಲ. ಗಾಳಿ ಎಷ್ಟು ಉಳಿದಿದೆ ಎಂದು ಓದಲಾಗದ ಡೈವರ್ ಯಾರಿಗೂ ಬೇಡ. ಗಾಜಿನ ಕೆಳಭಾಗಕ್ಕೆ ಅಂಟಿಸುವ ಚಾಳೀಸಿನ ಪುಟ್ಟ ಲೆನ್ಸು ಸಿಕ್ಕಿದ ದಿನ ನನ್ನ ಡೈವಿಂಗಿನ ಆಯಸ್ಸು ಹತ್ತು ವರ್ಷ ಹೆಚ್ಚಿತು.

ಕೆಳಗೆ ಹೇಗಿರುತ್ತದೆ ಎನ್ನುವುದನ್ನು ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ನೋಡಿದವರಿಗೆ ಹೇಳಬೇಕಿಲ್ಲ. ನನಗೆ ಇಷ್ಟವಾಗುವುದು ಅಲ್ಲಿನ ಕಾರ್ಗಿಲ್ ಮೀನು. ಕರಾವಳಿಯಲ್ಲಿ ಕಾರ್ಗಿಲ್ ಯುದ್ಧದ ಕಾಲಕ್ಕೆ ಬಲೆಗೆ ರಾಶಿ ರಾಶಿ ಬೀಳತೊಡಗಿದ್ದರಿಂದ ಈ ಹೆಸರು ಎನ್ನುತ್ತಾರೆ. ತಿನ್ನಲು ಬೇಡವೆಂದು ಮೀನುಹಿಟ್ಟಿನ ಕಾರ್ಖಾನೆಗೆ ಹೋಗುವ ಮೀನು. ಬಲೆಯಲ್ಲಿ ಸತ್ತಾಗ ಕರ್ರಗೆ ಮೋಟಾಗಿ ಕಾಣುವ ಅದು ನೀರಿನಲ್ಲಿ ಕಡುನೀಲಿ, ಬಾಲ ಬಾಲಚಂದ್ರನಂತೆ ಕೊಂಕಿ, ಹಲ್ಲು ಕೆಂಪು. ನೂರಾರು ಒಟ್ಟಿಗೆ ಸೇರಿ ತಲೆಯ ಮೇಲೆ ಹಾಯುವಾಗ ಬೆಳಕು ಕಮ್ಮಿಯಾಗುತ್ತದೆ.

ಮೊದಲ ಸಲ ಇಳಿಯುವವರು ಕ್ಯಾಮೆರಾ ತರುವುದು ನನಗೆ ಒಪ್ಪಿಗೆಯಿಲ್ಲ. ಕಿವಿ ಸರಿಮಾಡಿಕೊಳ್ಳಲು, ಉಸಿರಿನ ಲಯ ಹಿಡಿಯಲು ಅವರಿಗೆ ಎರಡು ಕೈ, ಇಡೀ ತಲೆ ಬೇಕು. ವಿಡಿಯೋವನ್ನು ಬೋಟಿನವರೇ ಮಾಡಿಕೊಡುತ್ತಾರೆ. ಕಾಲಿಗೆ ಕಟ್ಟುವ ದೊಡ್ಡ ಚಾಕು ಇನ್ನೂ ಹಾಸ್ಯಾಸ್ಪದ. ಬಂಡೆಗೆ ಸಿಕ್ಕಿ ಉಳಿದ ಹರಕು ಬಲೆಯಲ್ಲಿ ಕಾಲು ಸಿಕ್ಕರೆ ಬೇಕಾಗುವುದು ಮೊಂಡು ತುದಿಯ ಗಟ್ಟಿ ಕತ್ತರಿ, ಆಂಬುಲೆನ್ಸಿನವರು ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ಸನ್‌ಸ್ಕ್ರೀನಿನ ಬದಲು ತುಂಬುತೋಳಿನ ಬಿಗಿ ಅಂಗಿ, ಅಗಲ ಅಂಚಿನ ಟೋಪಿ ವಾಸಿ. ಮುಲಾಮಿನಲ್ಲಿರುವ ಆಕ್ಸಿಬೆಂಜೋನಿನಂಥ ರಾಸಾಯನಿಕ ಹವಳಕ್ಕೆ ಹಾನಿ ಎಂಬ ಕಾರಣಕ್ಕೆ ಪಲಾವ್ 2020ರಿಂದ, ಹವಾಯಿ 2021ರಿಂದ ಅಂಥವುಗಳ ಮಾರಾಟವನ್ನೇ ನಿಷೇಧಿಸಿವೆ. ಅಂಗಿಗೆ ಆ ತಕರಾರಿಲ್ಲ.

ಕುತ್ತಿಗೆಗೆ ಒಂದು ಸೀಟಿ. ಜೇಬಿನಲ್ಲಿ ಗಾಳಿ ಊದಿದರೆ ಆಳೆತ್ತರ ನಿಲ್ಲುವ ಕಿತ್ತಳೆ ಬಣ್ಣದ ಕೊಳವೆ. ಕಾರ್ಡು ಪಡೆದು ಸ್ವಂತಕ್ಕೆ ಇಳಿಯುವವರು ಇವೆರಡಕ್ಕೆ ಬಾಡಿಗೆಯ ಸಾಮಾನನ್ನು ನೆಚ್ಚಬಾರದು. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಅಮೆರಿಕದ ದಂಪತಿಯನ್ನು ನೀರಿನಲ್ಲೇ ಬಿಟ್ಟು ಬೋಟು ದಡಕ್ಕೆ ಮರಳಿತು. ತಲೆ ಎಣಿಕೆ ತಪ್ಪಿತ್ತು. ಅವರಿಲ್ಲವೆಂದು ಗೊತ್ತಾಗಲು ಎರಡು ದಿನ ಹಿಡಿಯಿತು, ಅವರು ಸಿಗಲೇ ಇಲ್ಲ. ಅಲೆಗಳ ನಡುವೆ ಮನುಷ್ಯನ ತಲೆ ನೂರಿನ್ನೂರು ಮೀಟರಿಗೇ ಕಣ್ಮರೆಯಾಗುತ್ತದೆ. ತಾಂಡೇಲರು ಎಂಜಿನ್ ಹಚ್ಚುವ ಮೊದಲು ಹೆಸರು ಕರೆಯುವುದಿಲ್ಲ, ಬೆರಳು ತೋರಿಸಿ ಎಣಿಸುತ್ತಾರೆ, ಆಮೇಲೆ ಇನ್ನೊಬ್ಬರ ಕೈಲಿ ಎಣಿಸುತ್ತಾರೆ. "ಲೆಕ್ಕ ಸಮ ಬರ್ದೆ ಬೋಟು ಹಂದೂದಿಲ್ಲ" ಎನ್ನುವುದು ಅವರ ಕಟ್ಟಪ್ಪಣೆ. ನಾನೂ ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತೇನೆ.

ಕಾಗದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ದಡದಲ್ಲಿ ಆರೋಗ್ಯದ ಫಾರಂ ತುಂಬಿಸಿಕೊಳ್ಳುತ್ತಾರೆ. ಅಸ್ತಮಾ, ಹೃದಯದ ತೊಂದರೆ, ಕಿವಿಯ ಆಪರೇಷನ್ ಮುಂತಾದ್ದಕ್ಕೆ ಹೌದು ಎಂದರೆ ವೈದ್ಯರ ಒಪ್ಪಿಗೆ ಬೇಕು. ಬೆಳಗಿನ ಏಳು ಗಂಟೆಗೆ ಸಹಿ ಹಾಕುವ ವೈದ್ಯರನ್ನು ಎಲ್ಲಿ ಹುಡುಕುತ್ತೀರಿ? ಊರಿನಿಂದಲೇ ಬರೆಸಿಕೊಂಡು ಬನ್ನಿ. ನೆಗಡಿಯಾಗಿದ್ದರೆ ಯಾವ ಸಾಮಾನೂ ಉಪಯೋಗಕ್ಕಿಲ್ಲ. ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುವಾಗ ಮುಚ್ಚಿಕೊಂಡ ಕಿವಿ ತಡೆಯುವುದಿಲ್ಲ. ಮೂಗು ಬಿಡಿಸುವ ಮದ್ದು ಹಾಕಿಕೊಂಡು ಇಳಿದವರಿಗೆ ಅದರ ಪ್ರಭಾವ ಆಳದಲ್ಲಿ ಮುಗಿದರೆ ಮೇಲೆ ಬರುವಾಗ ಇನ್ನೂ ಫಜೀತಿ.

ಮರಳುವಾಗ ಬೋಟಿನಲ್ಲಿ ಎಲ್ಲರೂ ನೆಂಟರಾಗಿರುತ್ತಾರೆ. ಹೋದ ಸಲ ನನ್ನ ಪಕ್ಕ ಕೂತಿದ್ದ ಹುಡುಗ ಬೆಂಗಳೂರಿನ ಸಾಫ್ಟ್‌ವೇರಿನವನು, ಕಾರ್ಡು ಇದ್ದವನು, ಎರಡು ಸಲವೂ ಇಳಿದಿದ್ದ. ಕಷಾಯ ಹೀರುತ್ತ, "ಸಂಜೆ ಮಂಗಳೂರಿಂದ ಫ್ಲೈಟು ಆಂಟಿ, ಒಂಬತ್ತಕ್ಕೆಲ್ಲ ಮನೆ" ಎಂದ.

"ಎಷ್ಟು ಗಂಟೆಗೆ ಮೇಲೆ ಬಂದೆಯಪ್ಪ?"

"ಹನ್ನೊಂದೂವರೆ ಇರಬಹುದು."

"ಹದಿನೆಂಟು ಗಂಟೆಯ ಪಾಠ ಮರೆತೆಯಾ?"

ಮೈಯಲ್ಲಿ ಕರಗಿರುವ ನೈಟ್ರೋಜನ್ ನಿಧಾನಕ್ಕೆ ಉಸಿರಿನಲ್ಲಿ ಹೊರಹೋಗಬೇಕು. ಅಷ್ಟರಲ್ಲಿ ಎತ್ತರಕ್ಕೇರಿ ಹೊರಗಿನ ಒತ್ತಡ ಇಳಿದರೆ ಅದು ಗುಳ್ಳೆಯಾಗಿ ಕೀಲಿನಲ್ಲಿ, ನರದಲ್ಲಿ ಕೂರಬಹುದು. ಒಂದೇ ಸಲ ಇಳಿದವರು ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಸಲ ಇಳಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಈ ಸೂಚನೆ ಸುಮಾರು 600 ಮೀಟರಿಗಿಂತ ಎತ್ತರಕ್ಕೆ ಅನ್ವಯ, ಬೆಂಗಳೂರು ಇರುವುದೇ ಸುಮಾರು 900 ಮೀಟರಿನಲ್ಲಿ. ಹಾಗಾಗಿ ಊಟ ಮುಗಿಸಿ ಕಾರಿನಲ್ಲಿ ಘಟ್ಟ ಹತ್ತುವವರೂ ನಿಶ್ಚಿಂತರಲ್ಲ. ಸಮುದ್ರದ ಪಕ್ಕದಲ್ಲೇ ಮನೆ ಇರುವವರು ಬರೆದ ಪಟ್ಟಿಗಳಲ್ಲಿ ಘಟ್ಟ ಇರುವುದಿಲ್ಲ, ನಮಗಿದೆ. ಅದಕ್ಕೇ ನಾನು ಈ ಪ್ರವಾಸಕ್ಕೆ ಯಾವಾಗಲೂ ಒಂದು ರಜೆ ಹೆಚ್ಚಿಗೆ ಹಾಕುತ್ತೇನೆ. ಡೈವ್ ಮಾಡಿದ ರಾತ್ರಿ ಅಲ್ಲೇ ಮಲಗಿ, ಸಾಮಾನನ್ನೆಲ್ಲ ಸಿಹಿನೀರಲ್ಲಿ ಜಾಲಿಸಿ ನೆರಳಿಗೆ ಹರವಿ, ಮಾರನೆಯ ದಿನ ತಿಂಡಿ ತಿಂದು ಹೊರಡುವುದು.

ಹುಡುಗ ಸುಮ್ಮನಾದ. ಮೊಬೈಲಿಗೆ ಸಿಗ್ನಲ್ ಬಂದ ಕೂಡಲೇ ಟಿಕೆಟ್ಟು ಮುಂದೂಡಿದ, ಮೇಲಧಿಕಾರಿಗೆ ಏನೋ ಸಂದೇಶ ಕಳಿಸಿದ, ಅಮ್ಮನಿಗೆ ಫೋನು ಹಚ್ಚಿ ಬೈಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

"ಆಂಟೀ, ಇರೋ ಒಂದು ಜೊತೆ ಬಟ್ಟೆ ಒದ್ದೆಯಾಗಿದೆ. ರಾತ್ರಿಗೆ ಏನು ಮಾಡ್ಲಿ?"

ಲುಂಗಿ ಕೊಟ್ಟೆ. ಉಡಲು ಬರುತ್ತದೆಯೇ ಎಂದು ಕೇಳಿದರೆ, ಯೂಟ್ಯೂಬ್ ನೋಡಿಕೊಳ್ಳುತ್ತೇನೆ ಎಂದ.